ಬೇಬಿ ಹಾಕಿದ ಗಂಟು

ಬೇಬಿ, ಅಪ್ಪು,

ನಿಮ್ಮಿಬ್ಬರಿಗೂ ಶಾಲೆಯ ಹಾಜರಿಪುಸ್ತಕದಲ್ಲಿ ಬೇರೆ ಹೆಸರುಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರೇ ಸಾಕು. ಶಾಲೆಯಲ್ಲಿ ನಿಮ್ಮನ್ನು ಕಾಡಿದ ಆ ಮೂವರು ಹುಡುಗರ ಹೆಸರನ್ನೂ ಬರೆಯುವುದಿಲ್ಲ. ಅದು ದಾಕ್ಷಿಣ್ಯದಿಂದ ಅಲ್ಲ. ಬೆರಳು ನೋಯಿಸಿಕೊಂಡು ತುಂಬಿಸುವ ಈ ಹಾಳೆಗಳಲ್ಲಿ ಅವರಿಗೆ ಜಾಗ ಕೊಡಲು ನನಗೆ ಇಷ್ಟವಿಲ್ಲ.

ನಡೆದದ್ದು ನಿಮಗೆ ಗೊತ್ತಿದೆ, ಆದರೆ ಇಬ್ಬರಿಗೂ ಅರ್ಧರ್ಧ ಗೊತ್ತಿದೆ. ಮುಂದೆ ನಿಮ್ಮ ಮಕ್ಕಳೂ ಇದನ್ನು ಓದಬಹುದು. ಅದಕ್ಕೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ ಹಾಗೆ ಬರೆಯದೆ, ಹೊಸಬರಿಗೆ ಹೇಳಿದ ಹಾಗೆ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಮನೆ ಹಂಗಾರಕಟ್ಟೆಯಲ್ಲಿ, ಬೋಟು ಕಟ್ಟುವ ಜಾಗದಿಂದ ಸ್ವಲ್ಪ ಈಚೆ. ನನ್ನ ಮಗ ಮುಂಬೈಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಸೊಸೆ ಬೆಳಿಗ್ಗೆ ಏಳಕ್ಕೆ ಗೇರುಬೀಜದ ಕಾರ್ಖಾನೆಯ ವ್ಯಾನು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲು ಮಕ್ಕಳ ಜವಾಬ್ದಾರಿ ನನ್ನದು. ಇದು ನಡೆದಾಗ ಅಕ್ಕ ಬೇಬಿ ಹತ್ತನೇ ಕ್ಲಾಸು, ತಮ್ಮ ಅಪ್ಪು ಎಂಟನೇ ಕ್ಲಾಸು, ಇಬ್ಬರೂ ಒಂದೇ ಹೈಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ನಾನು ಒಣಮೀನಿನ ಅಂಗಳದಲ್ಲಿ ಕೆಲಸ ಮಾಡುತ್ತೇನೆ. ಮೀನು ಹರವುವುದು, ಮಗುಚುವುದು, ಒಣಗಿದ್ದನ್ನು ಗೋಣಿಗೆ ತುಂಬಿ ಬಾಯಿ ಕಟ್ಟುವುದು.

ಈ ಬಾಯಿ ಕಟ್ಟುವ ಗಂಟಿನ ಬಗ್ಗೆ ಹೇಳಲೇಬೇಕು.

ಬೋಟಿನ ಬಲೆಯ ಕೊನೆಗೆ ಚೀಲದ ಹಾಗೆ ಒಂದು ಭಾಗ ಇರುತ್ತದೆ. ಬಿದ್ದ ಮೀನೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಅದರ ತಳವನ್ನು ಹಗ್ಗದಿಂದ ಕಟ್ಟಿರುತ್ತಾರೆ. ಅಷ್ಟು ಭಾರಕ್ಕೂ ಆ ಗಂಟು ಜಗ್ಗಬಾರದು. ಆದರೆ ಬಲೆ ಬೋಟಿನ ಮೇಲೆ ಬಂದಾಗ ಒಬ್ಬನೇ ಮನುಷ್ಯ, ಒದ್ದೆ ಕೈಯಲ್ಲಿ, ಒಂದೇ ಎಳೆತಕ್ಕೆ ಅದನ್ನು ಬಿಚ್ಚಬೇಕು. ಅದಕ್ಕೆ ಹಗ್ಗವನ್ನು ಸುತ್ತಿ ಸುತ್ತಿ, ಕೊನೆಗೆ ಒಂದು ಗಿಡ್ಡ ಬಾಲ ಹೊರಗೆ ಬಿಡುತ್ತಾರೆ. ಗಂಟನ್ನು ಉಗುರಿನಿಂದ ಕೆದಕಿದರೆ ಇನ್ನೂ ಬಿಗಿಯಾಗುತ್ತದೆ. ಬಾಲ ಎಳೆದರೆ ಅಷ್ಟೂ ಸುತ್ತು ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತದೆ. ನಾವು ಅದಕ್ಕೆ ಚೀಲದ ಗಂಟು ಎನ್ನುತ್ತೇವೆ, ಗೋಣಿಯ ಬಾಯಿಗೂ ಅದನ್ನೇ ಹಾಕುತ್ತೇವೆ. ನನಗೆ ಕಲಿಸಿದವರು ನಿಮ್ಮ ಅಜ್ಜ. ಮದುವೆಯಾದ ಹೊಸತರಲ್ಲಿ, ಅಂಗಳದಲ್ಲಿ ಕೂತು, ನನ್ನ ಜಡೆಯ ರಿಬ್ಬನ್ನಿನಲ್ಲಿ ಕಟ್ಟಿ ತೋರಿಸಿದ್ದರು.

ನಿಮ್ಮ ಅಜ್ಜನ ಬೋಟು ಮನೆಗೆ ಬರುವ ದಾರಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲೇ ಮಗುಚಿತು. ಊರಿನ ತೆಂಗಿನ ಮರ ಕಾಣುವಷ್ಟು ಹತ್ತಿರ. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ಮಗನನ್ನು ನಾನು ಬೋಟು ಹತ್ತಿಸಲಿಲ್ಲ. ಅಪ್ಪು ಹುಟ್ಟಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ: ಈ ಮಗುವಿನ ಕೈಗೆ ಬಲೆ, ಹಗ್ಗ, ದಾರ ಯಾವುದೂ ತಾಗಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಭಾನುವಾರ ಇಬ್ಬರೂ ನನ್ನ ಜೊತೆ ಅಂಗಳಕ್ಕೆ ಬರುತ್ತಿದ್ದರು. ಬೇಬಿ ಗೋಣಿ ಕಟ್ಟುತ್ತಿದ್ದಳು, ನನಗಿಂತ ಬೇಗ. ಅಪ್ಪು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರಬೇಕಿತ್ತು. ದಾರಕ್ಕೆ ಕೈ ಹಾಕಿದರೆ ನಾನು ಆ ಕೈಗೆ ಹೊಡೆಯುತ್ತಿದ್ದೆ. ಯಾಕೆಂದು ಅವನು ಕೇಳಿದ್ದಿಲ್ಲ, ನಾನು ಹೇಳಿದ್ದಿಲ್ಲ.

ಈಗ ಶಾಲೆಯ ವಿಷಯ.

ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಡುವ ದಿನ ಅಪ್ಪುವಿನ ತಟ್ಟೆಯಲ್ಲಿ ಬರೀ ಅನ್ನ ಸಾರು ಇರುತ್ತಿತ್ತು. ಹತ್ತನೇ ಕ್ಲಾಸಿನ ಮೂವರು ಹುಡುಗರು ಚಿಕ್ಕವರ ತಟ್ಟೆಯಿಂದ ಮೊಟ್ಟೆ ಎತ್ತಿಕೊಳ್ಳುತ್ತಿದ್ದರು. ಹಸಿವಿನಿಂದ ಅಲ್ಲ, ಅವರ ಪಾಲಿನದ್ದು ಅವರಿಗೆ ಸಿಗುತ್ತಿತ್ತು. ಎತ್ತಿಕೊಂಡರೂ ಯಾರೂ ಮಾತಾಡುವುದಿಲ್ಲ ಎಂಬುದನ್ನು ನೋಡುವ ಸುಖಕ್ಕೆ. ಒಂದು ದಿನ ಅಡುಗೆಯವಳು ಅಪ್ಪುವಿನ ತಟ್ಟೆ ನೋಡಿ ಮೊಟ್ಟೆ ಎಲ್ಲಿ ಎಂದು ಕೇಳಿದಳು. ಇವನು ಇದ್ದದ್ದನ್ನು ಹೇಳಿದ. ಅವಳು ಸೌಟು ಹಿಡಿದುಕೊಂಡೇ ಹೋಗಿ ಆ ಮೂವರಿಗೆ ಎಲ್ಲರೆದುರು ಬೈದಳು. ನನ್ನ ಮೊಮ್ಮಗ ಮಾಡಿದ ಅಪರಾಧ ಇಷ್ಟೇ.

ಆಮೇಲೆ ಎರಡು ತಿಂಗಳು ಅವನ ಬೆನ್ನ ಮೇಲೆ ಏನೇನು ಬಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಬಸ್ಸಿನಲ್ಲಿ ಮೊಣಕೈ, ನಲ್ಲಿಯ ಹತ್ತಿರ ತಳ್ಳು, ಚೀಲದಲ್ಲಿ ಕೊಳೆತ ಮೀನಿನ ತಲೆ. ಬಿದ್ದೆ ಎನ್ನುತ್ತಿದ್ದ. ಮಕ್ಕಳು ಬೀಳುವುದಿಲ್ಲವೇ ಎಂದು ನಾನು ಎಣ್ಣೆ ಹಚ್ಚುತ್ತಿದ್ದೆ. ಬೇಬಿಗೆ ಗೊತ್ತಿತ್ತು. ಅವಳು ಕ್ಲಾಸ್ ಟೀಚರಿಗೆ ಎರಡು ಸಲ ಹೇಳಿದ್ದಳು. ಸರಿ, ನೋಡೋಣ ಅಂದರಂತೆ. ನೋಡಿದರೋ ಇಲ್ಲವೋ, ಏನೂ ಮಾಡಲಿಲ್ಲ.

ಆ ದಿನ ಊಟದ ಬೆಲ್ಲಾದ ಮೇಲೆ ಅಪ್ಪು ಕಾಣಲಿಲ್ಲವೆಂದು ಬೇಬಿ ಹುಡುಕಿಕೊಂಡು ಹೋದಳು. ಶಾಲೆಯ ಹಿಂದೆ ಹಳೆಯ ಸೈಕಲ್ ಶೆಡ್ ಇದೆ. ಅಲ್ಲಿ ಆ ಮೂವರು ಅವನನ್ನು ಕಬ್ಬಿಣದ ಕಂಬಕ್ಕೆ ಒತ್ತಿ ನಿಲ್ಲಿಸಿದ್ದರು. ಒಬ್ಬನ ಕೈಯಲ್ಲಿ ಗೋಣಿ ಹೊಲಿಯುವ ನೈಲಾನ್ ದಾರ, ಇನ್ನೊಬ್ಬನ ಕೈಯಲ್ಲಿ ಮುರಿದ ಬೆಂಚಿನ ಕಾಲು. ಎತ್ತರದವನು ಮೊಬೈಲ್ ಹಿಡಿದಿದ್ದ. ಶಾಲೆಗೆ ಮೊಬೈಲ್ ತರಬಾರದು ಎಂಬ ನಿಯಮ ಅವನಿಗೆ ಇರಲಿಲ್ಲ. ಅವನ ತಂದೆ ಶಾಲಾ ಸಮಿತಿಯ ಅಧ್ಯಕ್ಷ.

ಬೇಬಿಯನ್ನು ಕಂಡು ಅವರಿಗೆ ಹೊಸ ಆಟ ಹೊಳೆಯಿತು. ನೀನೇ ಕಟ್ಟು, ಇಲ್ಲದಿದ್ದರೆ ಈ ಬೆಂಚಿನ ಕಾಲು ಇವನ ಕಾಲಿನ ಮೇಲೆ ಮುರಿಯುತ್ತದೆ ಅಂದರು. ಅವಳು ಓಡಿ ಹೋಗಿ ಟೀಚರನ್ನು ಕರೆಯಬಹುದಿತ್ತು ಎಂದು ಆಮೇಲೆ ಎಷ್ಟೋ ಜನ ಬುದ್ಧಿ ಹೇಳಿದರು. ಅವರು ಬರುವವರೆಗೆ ಕೋಲು ಕಾಯುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಬೇಬಿ ದಾರ ತೆಗೆದುಕೊಂಡಳು. ಅಪ್ಪುವಿನ ಎರಡೂ ಕೈಗಳನ್ನು ಕಂಬದ ಸುತ್ತ ತಂದು, ಆಚೆ ಬದಿಯಲ್ಲಿ ಕಟ್ಟಿದಳು. ಸುತ್ತಿ ಸುತ್ತಿ, ನೋಡುವವರಿಗೆ ಭಯವಾಗುವಷ್ಟು ಸುತ್ತು ಹಾಕಿದಳು. ಕೊನೆಯ ತುದಿಯನ್ನು ಅವನ ಮುಷ್ಟಿಯೊಳಗೆ ಇಟ್ಟು, ಮುಷ್ಟಿಯನ್ನು ಒಮ್ಮೆ ಅದುಮಿದಳು. ಮಾತಾಡಲು ಅವರು ಬಿಡಲಿಲ್ಲ. ಅವಳನ್ನು ನಡುವೆ ಹಾಕಿಕೊಂಡು ಕ್ಲಾಸಿಗೆ ಕರೆದುಕೊಂಡು ಹೋದರು. ಕ್ಲಾಸಿನಲ್ಲಿ ಅವಳ ಹಿಂದಿನ ಬೆಂಚಿನಲ್ಲೇ ಕೂತರು.

ಸಂಜೆ ಬಸ್ಸಿನ ಹತ್ತಿರ ಅಪ್ಪು ಬರಲಿಲ್ಲ. ಬೇಬಿ ಹಿಂದಕ್ಕೆ ಓಡಿದಳು. ಅಷ್ಟರಲ್ಲಿ ಗುಡಿಸುವ ಹೆಂಗಸು ಅವನನ್ನು ಕಂಡಿದ್ದಳು. ಗಂಟು ಬಿಚ್ಚಲು ನೋಡಿ, ಆಗದೆ, ಗಂಟನ್ನು ಬಿಟ್ಟು ಪಕ್ಕದಲ್ಲಿ ದಾರವನ್ನೇ ಕತ್ತಿಯಲ್ಲಿ ಕೊಯ್ದಿದ್ದಳು. ಊಟದ ಬೆಲ್ಲಿನಿಂದ ಕೊನೆಯ ಬೆಲ್ಲಿನವರೆಗೆ ಅವನು ಕಂಬ ತಬ್ಬಿಕೊಂಡು ನಿಂತಿದ್ದ. ಚಡ್ಡಿ ಒದ್ದೆಯಾಗಿತ್ತು. ಎಂಟನೇ ಕ್ಲಾಸಿನಲ್ಲಿ ಮಧ್ಯಾಹ್ನ ಹಾಜರಿ ಕರೆದವರು ಒಬ್ಬ ಹುಡುಗ ಇಲ್ಲ ಎಂದು ಗುರುತು ಹಾಕಿ ಪುಸ್ತಕ ಮುಚ್ಚಿದ್ದರು.

ನಾವು ಅದನ್ನು ತಿಳಿಯುವ ಮೊದಲೇ ಊರಿಗೆ ತಿಳಿದಿತ್ತು. ಅಂಗಳದಲ್ಲಿ ನನ್ನ ಪಕ್ಕ ಕೆಲಸ ಮಾಡುವವಳ ಮೊಬೈಲಿಗೇ ವಿಡಿಯೊ ಬಂದಿತ್ತು. ಅವಳು ನನಗೆ ತೋರಿಸಿದಳು, ಪಾಪ ಎನ್ನುತ್ತಲೇ. ಅದರಲ್ಲಿ ಇದ್ದದ್ದು ಬೇಬಿಯ ಕೈ, ಅಪ್ಪುವಿನ ಕೈ, ದಾರ, ಹಿಂದೆ ನಗುವ ಶಬ್ದ. ಕೋಲು ಕಾಣುವುದಿಲ್ಲ. ಮೊಬೈಲ್ ಹಿಡಿದ ಕೈಯಂತೂ ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ಅದನ್ನು ನೋಡಿದವರಿಗೆಲ್ಲ ಇಷ್ಟೇ ಕಂಡಿತು: ಅಕ್ಕ ತಮ್ಮನನ್ನು ಕಟ್ಟಿಹಾಕುತ್ತಿದ್ದಾಳೆ.

ನನಗೂ ಅಷ್ಟೇ ಕಂಡಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ. ಬೇಬಿ ಮನೆಗೆ ಬಂದಾಗ ನಾನು ಗುಡಿಸುವ ಹಿಡಿಸೂಡಿಯಲ್ಲಿ ಅವಳಿಗೆ ಹೊಡೆದೆ. ಏನಾಯಿತು ಎಂದು ಕೇಳುವ ಮೊದಲು. ಅವಳು ಕೈ ಅಡ್ಡ ಇಡಲಿಲ್ಲ.

"ನಾನೇ ಕಟ್ಟಿದ್ದ್ ಅಜ್ಜಿ," ಅಂದಳು. ಅಷ್ಟೇ.

ಅಪ್ಪು ಅವಳ ಜೊತೆ ಮಾತು ಬಿಟ್ಟ. ಊಟಕ್ಕೆ ತಟ್ಟೆಯನ್ನು ಗೋಡೆಯ ಆಚೆ ಬದಿಗೆ ಎಳೆದುಕೊಂಡ. ಇಬ್ಬರ ಪುಸ್ತಕಗಳೂ ಒಂದೇ ಟ್ರಂಕಿನಲ್ಲಿರುತ್ತಿದ್ದವು. ತನ್ನದನ್ನು ತೆಗೆದು ಅಕ್ಕಿ ಡ್ರಮ್ಮಿನ ಮೇಲೆ ಜೋಡಿಸಿಕೊಂಡ. ಸೊಸೆ ಕಾರ್ಖಾನೆಯಿಂದ ಬಂದು, ಇಬ್ಬರ ನಡುವೆ ಕೂತು, ಗೇರುಬೀಜದ ಕಲೆ ಹಿಡಿದ ಬೆರಳುಗಳನ್ನು ತಿಕ್ಕುತ್ತಿದ್ದಳು. ಆ ಮೂವರು ಶಾಲೆಯಲ್ಲಿ ನಗುತ್ತಾ ಓಡಾಡುತ್ತಿದ್ದರು. ಒಡೆದದ್ದು ನಮ್ಮ ಮನೆ.

ಶನಿವಾರ ಶಾಲೆಯಿಂದ ಸೊಸೆಗೆ ಫೋನು ಬಂತು. ಸೋಮವಾರ ಮನೆಯ ದೊಡ್ಡವರು ಬರಬೇಕು, ಹುಡುಗಿಗೆ ಟಿ.ಸಿ. ಕೊಡುವುದೆಂದು ತೀರ್ಮಾನ ಆಗಿದೆ ಅಂದರು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಆಗ ಹೊರಗೆ ಹಾಕಿದರೆ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ವಿಡಿಯೊದಲ್ಲಿ ನಗುತ್ತಿದ್ದವರಿಗೆ ಏನು ಶಿಕ್ಷೆ ಎಂದು ಸೊಸೆ ಕೇಳಿದಳು. ಎಚ್ಚರಿಕೆ ಕೊಟ್ಟಿದ್ದೇವೆ ಅಂದರು.

ಭಾನುವಾರ ಬೆಳಿಗ್ಗೆ ಅಪ್ಪುವಿನ ಆ ದಿನದ ಚಡ್ಡಿಯನ್ನು ಒಗೆಯುವ ಕಲ್ಲಿಗೆ ಹಾಕಿದೆ. ಯಾರೂ ನೋಡಬಾರದೆಂದು ಅವನು ಅದನ್ನು ಸೌದೆಯ ಹಿಂದೆ ತುರುಕಿದ್ದ. ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಕೊಯ್ದ ದಾರ. ಗಂಟು ಹಾಗೆಯೇ ಇತ್ತು. ನಾನು ಯೋಚನೆ ಮಾಡಲಿಲ್ಲ. ದಿನಾ ಗೋಣಿಯ ಬಾಯಿ ಬಿಚ್ಚುವ ಕೈ. ಅದು ತಾನಾಗಿ ಗಿಡ್ಡ ಬಾಲವನ್ನು ಹಿಡಿದು ಎಳೆಯಿತು. ಗಂಟು ಸುತ್ತು ಸುತ್ತಾಗಿ ಕಳಚಿ ನನ್ನ ಒದ್ದೆ ಕೈಯಲ್ಲಿ ಬರೀ ದಾರವಾಗಿ ಉಳಿಯಿತು.

ನಾನು ಕಲ್ಲಿನ ಮೇಲೆಯೇ ಕೂತೆ. ಸಾಬೂನಿನ ನೊರೆ ಒಣಗುವಷ್ಟು ಹೊತ್ತು ಕೂತಿದ್ದೆ.

ಆಮೇಲೆ ಬೇಬಿಯನ್ನು ಬಾವಿಕಟ್ಟೆಗೆ ಕರೆದು ದಾರ ತೋರಿಸಿದೆ. ಆಗ ಅವಳು ಅತ್ತಳು, ಹಿಡಿಸೂಡಿಗೆ ಅಳದವಳು. ಮೇಲೆ ಬರೆದದ್ದನ್ನೆಲ್ಲ ಆಗ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಎಂತ ಹೇಳೂದ್? ಅವ್ನ್ ಎಳಿಲೇ ಇಲ್ಲೆ. ನಂಬೂಕೆ ಯಾರಿದ್ರ್? ಒಂದ್ ಎಳದ್ರೆ ಬಿಟ್ ಹೋತಿತ್ತ್. ನಮ್ಮನಿಯಂಗೆ ಆ ಗಂಟ್ ಗೊತ್ತಿಲ್ದಿದ್ದರ್ ಯಾರಿದ್ರ್ ಅಜ್ಜಿ?"

ನಮ್ಮ ಮನೆಯಲ್ಲೇ ಆ ಗಂಟು ಗೊತ್ತಿಲ್ಲದವನು ಒಬ್ಬ ಇದ್ದ. ಹಗ್ಗ ಮುಟ್ಟಿದರೆ ಕೈಗೆ ಹೊಡೆಸಿಕೊಂಡು ಬೆಳೆದವನು. ಸಮುದ್ರದಿಂದ ಅವನನ್ನು ಉಳಿಸುತ್ತೇನೆಂದು ನಾನು ಅಂದುಕೊಂಡಿದ್ದೆ. ಶಾಲೆಯ ಹಿಂದಿನ ಒಣ ನೆಲದಲ್ಲಿ, ಬಿಡುಗಡೆಯನ್ನು ತನ್ನದೇ ಮುಷ್ಟಿಯಲ್ಲಿ ಹಿಡಿದುಕೊಂಡು, ಅದು ಏನೆಂದು ತಿಳಿಯದೆ ಅವನು ನಿಂತಿದ್ದ. ಆ ಮೂವರ ಮೇಲೆ ನನಗಿರುವ ಸಿಟ್ಟು ದೊಡ್ಡದು. ಅದರ ಪಕ್ಕದಲ್ಲೇ ನನ್ನ ಮೇಲಿನ ಸಿಟ್ಟೂ ಇದೆ.

ಅಪ್ಪುವಿಗೆ ಆಗಲೇ ಹೇಳಬಹುದಿತ್ತು. ಅವನು ಬೆಳಿಗ್ಗೆಯೇ ಬಾಗಿಲು ಹಾಕಿಕೊಂಡಿದ್ದ; ಅಕ್ಕನ ಹೆಸರೆತ್ತಿದರೆ ಕಿವಿ ಮುಚ್ಚುತ್ತಿದ್ದ. ಬಾಯಿಮಾತಿನಿಂದ ಆಗುವ ಕೆಲಸ ಅಲ್ಲ ಎಂದು ನನಗೆ ಅನಿಸಿತು. ಮಾತು ನನಗೆ ಬರುವುದೂ ಇಲ್ಲ. ನಾಲ್ಕು ಜನ ಸೇರಿದಲ್ಲಿ ನಾನು ಕಂಬದ ಹಿಂದೆ ನಿಲ್ಲುವವಳು. ಏಳನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ಓದುವಾಗಲೂ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ.

ಸೋಮವಾರ ಸೊಸೆಗೆ ರಜೆ ಸಿಗಲಿಲ್ಲ. ನಾನು ಸೀರೆಯ ಸೆರಗಿನಲ್ಲಿ ಆ ದಾರ ಕಟ್ಟಿಕೊಂಡು ಮಕ್ಕಳ ಜೊತೆ ಬಸ್ಸು ಹತ್ತಿದೆ. ಅಪ್ಪು ಮುಂದಿನ ಸೀಟಿನಲ್ಲಿ, ಬೇಬಿ ಹಿಂದಿನದರಲ್ಲಿ.

ಹೆಡ್ಮಾಸ್ಟರ ಕೋಣೆಯಲ್ಲಿ ಅವರು, ಕ್ಲಾಸ್ ಟೀಚರು, ಅಧ್ಯಕ್ಷರು. ಮೂವರು ಹುಡುಗರು ಗೋಡೆಗೆ ಸಾಲಾಗಿ, ಕೈ ಕಟ್ಟಿ, ತಲೆ ಬಾಚಿಕೊಂಡು ನಿಂತಿದ್ದರು. ಬೇಬಿ ನನ್ನ ಬದಿಯಲ್ಲಿ. ಅಪ್ಪುವನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಪೆಟ್ಟು ತಿಂದವನಿಗೆ ಒಳಗೆ ಜಾಗ ಇರಲಿಲ್ಲ.

ಹೆಡ್ಮಾಸ್ಟರು ನನಗೆ ಕುರ್ಚಿ ಕೊಟ್ಟರು, ಬಹಳ ಮರ್ಯಾದೆಯಿಂದ ಮಾತಾಡಿದರು. ಇದು ಅಕ್ಕ ತಮ್ಮನ ನಡುವಿನ ಮನಸ್ತಾಪ, ಮನೆಯ ವಿಷಯ ಶಾಲೆಗೆ ಬಂದಿದೆ, ಕಟ್ಟಿದ್ದು ಯಾರೆಂದು ವಿಡಿಯೊದಲ್ಲಿ ಸ್ಪಷ್ಟವಾಗಿದೆ ಅಂದರು. ಹಾಗೆಂದೇ ಬರೆದ ಕಾಗದವನ್ನು ನನ್ನ ಮುಂದೆ ಇಟ್ಟು, ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದರು. ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಹ್ವಾಯ್, ಸೈನ್ ಹಾಕಿ ಮುಗ್ಸಿ ಮಾರಾಯ್ರೆ. ಮಕ್ಳಾಟ್ಕಿ. ನಮ್ ಮಾಣಿ ಹೋಯ್ ಸಿಕ್ಕಿ ಬಿದ್ದದ್ದ್, ಅಷ್ಟೇ."

ಮಕ್ಕಳಾಟ. ಈ ಮಾತನ್ನು ಅಷ್ಟು ದಿನದಲ್ಲಿ ಎಷ್ಟು ಬಾಯಿಂದ ಕೇಳಿದ್ದೆನೋ. ಮೂರು ಜನ ಒಬ್ಬನನ್ನು ಹಿಡಿದರೆ ಮಕ್ಕಳಾಟ. ಅವನನ್ನು ಉಳಿಸಲು ನೋಡಿದವಳಿಗೆ ಟಿ.ಸಿ. ನಾನು ಸಹಿ ಹಾಕಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಸೆರಗಿನಿಂದ ದಾರ ಬಿಚ್ಚಿ ಬೇಬಿಯ ಕೈಗೆ ಕೊಟ್ಟು, ನನ್ನ ಎರಡೂ ಕೈಗಳನ್ನು ಕಿಟಕಿಯ ಸರಳಿನ ಆಚೆ ಈಚೆ ಚಾಚಿದೆ. ಅವತ್ತು ಕಟ್ಟಿದ ಹಾಗೆಯೇ ಕಟ್ಟು ಅಂದೆ. ಅವಳು ಕಟ್ಟಿದಳು.

ಬಿಚ್ಚಿ ನೋಡಿ ಎಂದು ಕೇಳಿಕೊಂಡೆ. ಟೀಚರು ಬಂದು ಉಗುರು ಹಾಕಿದರು, ಗಂಟು ಬಿಗಿಯಾಯಿತು. ಹೆಡ್ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು, ಅವರಿಂದಲೂ ಆಗಲಿಲ್ಲ. ಇದೆಲ್ಲ ಏನಮ್ಮ, ಕತ್ತರಿ ತರಿಸುತ್ತೇನೆ ಅಂದರು. ಅಧ್ಯಕ್ಷರು ಏಳಲಿಲ್ಲ. ಅವರಿಗೆ ಗಂಟು ಗೊತ್ತಿತ್ತು. ಅವರ ಮನೆಯಲ್ಲೂ ಎರಡು ಬೋಟು ಇದೆ. ಅವರು ನೆಲ ನೋಡುತ್ತಿದ್ದರು.

ಅಪ್ಪುವನ್ನು ಕರೆಯಿರಿ ಅಂದೆ. ಅವನು ಬಂದು, ಕಿಟಕಿಗೆ ಕಟ್ಟಿಸಿಕೊಂಡು ನಿಂತ ಅಜ್ಜಿಯನ್ನು ನೋಡಿ ಬಾಗಿಲಲ್ಲೇ ನಿಂತ. ಹದಿಮೂರು ವರ್ಷ ಯಾವ ಕೈಗೆ ದಾರ ತಾಗಬಾರದು ಎಂದಿದ್ದೆನೋ ಆ ಕೈಗೆ ಗಿಡ್ಡ ಬಾಲವನ್ನು ಕೊಡು ಎಂದು ಬೇಬಿಗೆ ಹೇಳಿದೆ. ಅವಳು ಕೊಟ್ಟಳು.

"ಎಳಿ ಮಗಾ," ಅಂದೆ.

ಎಳೆದ. ಎಲ್ಲ ಸುತ್ತೂ ಬಿಟ್ಟು ದಾರ ನೆಲಕ್ಕೆ ಬಿತ್ತು.

ಅವನು ದಾರವನ್ನು ನೋಡಿದ, ತನ್ನ ಮುಷ್ಟಿಯನ್ನು ನೋಡಿದ, ಆಮೇಲೆ ಅಕ್ಕನನ್ನು. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬ ಹಾಗೆ ಅವಳೊಬ್ಬಳಿಗೇ ಹೇಳಿದ:

"ನಾ ಬಿಡ್ಲಿಲ್ಲೆ ಅಕ್ಕ. ನೀ ಕೈಯಂಗೆ ಇಟ್ಟದ್ದಲ್ದಾ, ನೀ ಬಪ್ಪಲ್ಲಿವರಿಗೂ ಹಿಡ್ಕಂಡೇ ಇರ್ಬೇಕ್ ಅಂದ್ಕಂಡೆ. ನೀ ಬರ್ಲೇ ಇಲ್ಲೆ."

ಬೇಬಿ ಅವನ ಅಂಗಿಯ ಕಾಲರು ಹಿಡಿದು ಹತ್ತಿರ ಎಳೆದುಕೊಂಡಳು. "ಹೆಡ್ಡ," ಅಂದಳು. "ಎಳಿಯೂಕೆ ಕೊಟ್ಟದ್ದ್." ಅವಳ ಮುಖ ಅವನ ತಲೆಯ ಮೇಲಿತ್ತು.

ನಾನು ಗೋಡೆಯ ಬದಿಗೆ ತಿರುಗಿದೆ. ಎತ್ತರದವನನ್ನೇ ನೋಡಿ ಕೇಳಿದೆ. ನನ್ನ ಜೀವಮಾನದಲ್ಲಿ ಹೊರಗಿನವರ ಎದುರು ಆಡಿದ ದೊಡ್ಡ ಮಾತು ಅದೇ ಇರಬೇಕು.

"ಕಟ್ಟಿದ್ದ್ ಈ ಹೆಣ್ಣ್. ಬಿಚ್ಚೂಕೆ ಆಪ್ ಹಾಂಗೇ ಕಟ್ಟಿತ್ತ್. ಮೊಬೈಲ್ ಹಿಡ್ಕಂಡದ್ ಯಾರ್? ಅದನ್ ಈ ಕಾಗ್ದದಂಗೆ ಬರ್ದಿದ್ರಾ?"

ಮೂವರಲ್ಲಿ ಚಿಕ್ಕವನು ಅಳತೊಡಗಿದ. ಅವನೇ ಬೆಂಚಿನ ಕಾಲಿನ ವಿಷಯ, ಮೊಟ್ಟೆಯ ವಿಷಯ ಎಲ್ಲ ಬಾಯಿಬಿಟ್ಟ. ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ ಕಾಗದದ ಕೆಳಗೆ, 'ಮೇಲೆ ಬರೆದದ್ದು ಸುಳ್ಳು. ಹುಡುಗಿ ತಮ್ಮನನ್ನು ಉಳಿಸಲು ನೋಡಿದ್ದಾಳೆ' ಎಂದು ಬರೆದು ಸಹಿ ಹಾಕಿದೆ. ಹೀಗೆಲ್ಲ ಬರೆಯುವಂತಿಲ್ಲ ಅಮ್ಮ ಅಂದರು ಹೆಡ್ಮಾಸ್ಟರು. ಬರೆದು ಆಗಿತ್ತು.

ಟಿ.ಸಿ. ಕೊಡಲಿಲ್ಲ. ಬೇಬಿ ಪರೀಕ್ಷೆ ಬರೆದು ಪಾಸಾದಳು, ಈಗ ಕುಂದಾಪುರದಲ್ಲಿ ಪಿ.ಯು. ಓದುತ್ತಿದ್ದಾಳೆ. ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದು ಜನ ನನಗೆ ಹೇಳುತ್ತಾರೆ. ಏನು ಸರಿಹೋಯಿತು? ಆ ಮೂವರು ಮೂರು ದಿನ ಮನೆಯಲ್ಲಿದ್ದು ನಾಲ್ಕನೆಯ ದಿನ ಬಂದು ಕೂತರು. ಅಪ್ಪುವಿನ ಎದುರು ನಿಂತು ತಪ್ಪಾಯಿತು ಎನ್ನಲು ಅವರಿಗೆ ಯಾರೂ ಹೇಳಲಿಲ್ಲ. ವಿಡಿಯೊ ಹಂಚಿದ ಅಷ್ಟು ಜನರಲ್ಲಿ ಒಬ್ಬರೂ, ನಾವು ತಿಳಿದದ್ದು ತಪ್ಪು ಎಂದು ಮತ್ತೆ ಹಂಚಲಿಲ್ಲ. ಶಾಲೆಯವರು ಮಾಡಿದ ಒಂದೇ ಕೆಲಸ ಸೈಕಲ್ ಶೆಡ್ಡಿಗೆ ಬೀಗ ಹಾಕಿದ್ದು. ತಪ್ಪೆಲ್ಲ ಶೆಡ್ಡಿನದ್ದೇ ಇರಬೇಕು.

ಕಳೆದ ತಿಂಗಳು ಅಪ್ಪುವಿನ ಒಂದು ಕಾಗದಕ್ಕೆಂದು ಶಾಲೆಗೆ ಹೋದಾಗ, ನಾನು ಸಹಿ ಹಾಕಿದ ಕಾಗದವನ್ನು ಒಮ್ಮೆ ತೋರಿಸಿ ಎಂದು ಗುಮಾಸ್ತರಲ್ಲಿ ಕೇಳಿದೆ. ಅವರು ಕಡತ ತೆಗೆದರು. ನನ್ನ ಅಕ್ಷರವಿದ್ದ ಹಾಳೆ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಟೈಪು ಮಾಡಿದ ಹೊಸ ಹಾಳೆ ಇತ್ತು: ಅಕ್ಕ ತಮ್ಮನ ನಡುವಿನ ತಪ್ಪು ತಿಳಿವಳಿಕೆ, ಮನೆಯವರ ರಾಜಿಯಲ್ಲಿ ಮುಗಿದಿದೆ. ನಾನು ಅದನ್ನು ಎರಡು ಸಲ ಓದಿದೆ. ನಾನು ರಾಜಿಯಾಗಿಲ್ಲ. ಯಾರೂ ನನ್ನನ್ನು ಕೇಳಿಲ್ಲ.

ಆ ದಿನವೇ ಮನೆಗೆ ಬಂದು ಬರೆಯಲು ಕೂತೆ. ಅವರ ಕಡತದಲ್ಲಿ ಒಂದು ಹಾಳೆ ಇದ್ದರೆ ನನ್ನಲ್ಲಿ ಇಷ್ಟು ಹಾಳೆ ಇವೆ. ಹತ್ತು ವರ್ಷದ ನಂತರ ಯಾರಾದರೂ ಬೇಬಿಯ ಹೆಸರು ಹೇಳಿ, ತಮ್ಮನನ್ನು ಕಟ್ಟಿಹಾಕಿದವಳಲ್ಲವೇ ಅಂದರೆ, ಜಗಳ ಬೇಡ. ಇದನ್ನು ಓದಲು ಕೊಡಿ.

ಈಗ ಭಾನುವಾರ ಗೋಣಿ ಕಟ್ಟುವವನು ಅಪ್ಪು. ಮೊದಲ ಗೋಣಿಯ ದಿನ ನಾನು ಆಚೆ ತಿರುಗಿ ನಿಂತಿದ್ದೆ, ಈಗ ನೋಡುತ್ತೇನೆ. ಈ ಹಾಳೆಗಳನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿರಿ, ಮಳೆಗಾಲದಲ್ಲಿ ಅಟ್ಟದ ಮೇಲೆ ಬೇಡ, ಸೋರುತ್ತದೆ. ಬೇಬಿಯ ಟ್ರಂಕಿನಲ್ಲಿ, ನಿಮ್ಮಿಬ್ಬರ ಪುಸ್ತಕಗಳ ಅಡಿಯಲ್ಲಿರಲಿ. ಚೀಲದ ಬಾಯಿಯನ್ನು ಅಪ್ಪುವೇ ಕಟ್ಟಲಿ. ಯಾರಿಗೂ ಕತ್ತರಿಸಲು ಬಿಡಬೇಡಿ.